ಹಳೆಯ ಕಾರೂ ಹೊಸ ಎಣ್ಣೆಯೂ

ಎತ್ತಿನ ಗಾಡಿಯಿದ್ದ ಮನೆಗಳಲ್ಲಿ ಗಾಡಿಯ ಅಡಿಯಲ್ಲಿ ಒಂದು ಬಿದಿರಿನ ಗೊಟ್ಟವೋ ಕೊಂಬೋ ತೂಗುತ್ತಿದ್ದುದನ್ನು ವಯಸ್ಸಾದ ವಾಚಕರು ಬಲ್ಲರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಮಾಡಿದ ಕೀಲೆಣ್ಣೆ ಅದರಲ್ಲಿರುತ್ತಿತ್ತು. ಸಂತೆಗೆ ಹೊರಡುವ ಮುನ್ನ ಚಕ್ರವನ್ನು ಸ್ವಲ್ಪ ಹೊರಗೆಳೆದು ಅಚ್ಚಿಗೆ ಆ ಎಣ್ಣೆಯನ್ನು ಬಳಿಯುವುದು ಮನೆಯ ಹುಡುಗರ ಕೆಲಸ. ಅದಕ್ಕಾಗಿ ಯಾರೂ ಬಡಗಿಯನ್ನು ಕರೆಯಿಸುತ್ತಿರಲಿಲ್ಲ. ಕೀಲೆಣ್ಣೆ ಕಾಣದ ಗಾಡಿ ಊರಿಗೆಲ್ಲ ಕೇಳುವಂತೆ ಕಿರುಗುಟ್ಟಿ ಒಡೆಯನ ಮಾನವನ್ನು ಕಳೆಯುತ್ತಿತ್ತು. ಮೋಟಾರು ಗಾಡಿಯ ಸ್ವಭಾವವೇ ಬೇರೆ. ಅದರ ಎಣ್ಣೆ ಕೆಟ್ಟು ಕೀಲುಗಳು ಸವೆಯುತ್ತಿದ್ದರೂ ಬಹುಕಾಲ ಅದು ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟ ದಿನ ದುರಸ್ತಿಯ ವೆಚ್ಚ ಗಾಡಿಯ ಬೆಲೆಯನ್ನು ಮೀರಿರುತ್ತದೆ.

ಗಾಡಿಯ ಹರಳೆಣ್ಣೆಗೂ ಮೋಟಾರಿನ ಎಣ್ಣೆಗೂ ನಂಟೇ ಇಲ್ಲವೆಂದು ತಿಳಿಯಬಾರದು. ೧೯೦೯ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಎಂಬ ವರ್ತಕನ ಸಂಸ್ಥೆಯು ಖನಿಜತೈಲಕ್ಕೆ ಹರಳೆಣ್ಣೆಯನ್ನು ಬೆರೆಸಿ ಯಂತ್ರಗಳಿಗೆಂದು ಮಾರಿತು. ಹರಳಿಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎಂದು ಹೆಸರು. ಅದರಿಂದಲೇ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿತು. ಕೆಂಡದಂತಹ ಲೋಹದ ಮೇಲೂ ಜಾರಿಹೋಗದೆ ಅಂಟಿಕೊಳ್ಳುವ ಗುಣ ಹರಳೆಣ್ಣೆಗುಂಟೆಂಬುದನ್ನು ನಮ್ಮ ಗಾಡಿಯವರೂ ವಿಮಾನ ಯಂತ್ರಗಳನ್ನು ಕಟ್ಟಿದವರೂ ತಮ್ಮ ತಮ್ಮ ದಾರಿಯಲ್ಲಿ ಕಂಡುಕೊಂಡಿದ್ದರು.

ಈ ಮಾತು ಈಗೇಕೆಂದರೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಹಳೆಯ ಕಾರುಗಳನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿರುವ ಗೃಹಸ್ಥರು ಅನೇಕರಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಮಾರುತಿ ೮೦೦. ೧೯೮೩ರ ಡಿಸೆಂಬರಿನಲ್ಲಿ ಮೊದಲು ಮಾರಾಟವಾದ ಆ ಪುಟ್ಟ ಗಾಡಿಯ ತಯಾರಿಕೆ ೨೦೧೪ರ ಆರಂಭದಲ್ಲಿ ನಿಂತುಹೋಯಿತು. ಅದೇ ೨೦೧೪ರಲ್ಲಿ ಅಂಬಾಸಡರಿನ ತಯಾರಿಕೆಯೂ ನಿಂತಿತು. ಹೊಸ ಗಾಡಿಗೆ ಹದಿನೈದು ವರ್ಷಗಳವರೆಗೆ ನೋಂದಣಿ ಇರುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ದೇವನಹಳ್ಳಿಯಲ್ಲೋ ನೆಲಮಂಗಲದಲ್ಲೋ ಇರುವ ಸಾರಿಗೆ ಕಚೇರಿಗೆ ಗಾಡಿಯನ್ನು ಒಯ್ದು, ಇದು ಇನ್ನೂ ಓಡಲು ಯೋಗ್ಯವೆಂದು ತೋರಿಸಿ ಬರಬೇಕು. ಹೊಗೆ ಉಗುಳುವ, ಎಣ್ಣೆ ಕುಡಿಯುವ ಇಂಜಿನು ಅಲ್ಲಿ ತೇರ್ಗಡೆಯಾಗುವುದು ಕಷ್ಟ. ಆದುದರಿಂದ ಎರಡೂವರೆ ಮೂರು ಲೀಟರು ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುವುದರ ಮೇಲೆ ಆ ಗಾಡಿಯ ಆಯುಸ್ಸು ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ.

ಎಣ್ಣೆ ಇಂಜಿನಿನಲ್ಲಿ ಮಾಡುವುದೇನು? ಲೋಹ ಲೋಹವನ್ನು ತಾಕದಂತೆ ನಡುವೆ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ನೀರು ತಲುಪದ ಭಾಗಗಳ ಶಾಖವನ್ನು ಹೊತ್ತು ತರುತ್ತದೆ. ಮಸಿಯನ್ನೂ ಸವೆದ ಲೋಹದ ಪುಡಿಯನ್ನೂ ತನ್ನಲ್ಲಿ ತೇಲಿಸಿಕೊಂಡು ಬಂದು ಫಿಲ್ಟರಿಗೆ ಒಪ್ಪಿಸುತ್ತದೆ. ಹಾಕಿದ ಕೆಲವೇ ದಿನಗಳಲ್ಲಿ ಎಣ್ಣೆ ಕಪ್ಪಾದರೆ ಅಂಗಡಿಯವನು ಮೋಸ ಮಾಡಿದನೆಂದು ಬೈಯುವವರುಂಟು. ಕಪ್ಪಾಗುವುದು ಅನೇಕ ವೇಳೆ ಅದು ಕೊಳೆಯನ್ನು ತೊಳೆಯುತ್ತಿದೆಯೆಂಬುದಕ್ಕೆ ಗುರುತು. ನಿಜವಾಗಿ ಕೆಡಿಸುವುದು ಕಾವೂ ಕಾಲವೂ. ಬೆಳಿಗ್ಗೆ ತರಕಾರಿ ಮಾರುಕಟ್ಟೆಗೆ ಒಂದು ಮೈಲಿ, ಸಂಜೆ ದೇವಸ್ಥಾನಕ್ಕೆ ಒಂದು ಮೈಲಿ ಹೋಗಿಬರುವ ಗಾಡಿ ಹೆಚ್ಚು ಓಡದಿದ್ದರೂ ಅದರ ಎಣ್ಣೆ ಬೇಗ ಕೆಡುತ್ತದೆ. ಇಂಜಿನು ಪೂರ್ತಿ ಕಾಯದ ಕಾರಣ ಒಳಗೆ ಬೆವರಿದ ನೀರೂ ಉರಿಯದೆ ಇಳಿದ ಪೆಟ್ರೋಲೂ ಎಣ್ಣೆಯಲ್ಲಿಯೇ ಉಳಿದುಬಿಡುತ್ತವೆ. ಹಳೆಯ ಗಾಡಿಗಳಿಗೆ ಸುಮಾರು ಐದು ಸಾವಿರ ಕಿಲೋಮೀಟರಿಗೊಮ್ಮೆ, ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ, ಎಣ್ಣೆ ಬದಲಿಸುವುದು ಒಳ್ಳೆಯ ವಾಡಿಕೆ.

ದೊಡ್ಡಬಳ್ಳಾಪುರದಲ್ಲಿ ನಮಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಮಗ್ಗಗಳ ಸದ್ದಿನ ಬೀದಿಯಲ್ಲಿ ಅವರ ಮನೆ. ಅವರ ಪತ್ನಿಯವರನ್ನು ತಿಂಗಳಿಗೊಮ್ಮೆ ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದೆ. ಬಸ್ಸಿನ ನೂಕುನುಗ್ಗಲು ಆಕೆಗೆ ಆಗದು. ಕಾರಿಗೆ ಇಪ್ಪತ್ತೈದು ವರ್ಷ ಮೀರಿದೆ. ಪಿಂಚಣಿಯ ಹಣದಲ್ಲಿ ಹೊಸ ಗಾಡಿಯ ಮಾತಿಲ್ಲ. ಪಕ್ಕದ ಮನೆಯ ಮಗ್ಗಕ್ಕೆ ನೇಕಾರನೇ ದಿನವೂ ಎಣ್ಣೆ ಬಿಡುವುದನ್ನು ಕಂಡು ಕಂಡು, ಈ ಕೆಲಸವನ್ನು ನಾನೇ ಏಕೆ ಮಾಡಬಾರದೆಂದು ಒಂದು ಭಾನುವಾರ ಅವರು ಸೆರಗು ಕಟ್ಟಿ ನಿಂತರು. ನಾವು ಆ ದಿನ ಪ್ರೇಕ್ಷಕರಾಗಿದ್ದೆವು.

ಅವರ ಸಿದ್ಧತೆಯಲ್ಲಿ ಕೊರತೆಯಿರಲಿಲ್ಲ. ಹೊಸ ಎಣ್ಣೆ, ಹೊಸ ಫಿಲ್ಟರು, ಹಳೆಯ ಬೋಗುಣಿ, ಚಿಂದಿ ಬಟ್ಟೆ, ಎರಡು ಸ್ಪ್ಯಾನರು ಎಲ್ಲವೂ ಸಾಲಾಗಿದ್ದವು. ಕೊರತೆ ಕಂಡುದು ಗಾಡಿಯನ್ನು ಎತ್ತುವಲ್ಲಿ. ಗಾಡಿಯೊಡನೆ ಬಂದ ಜಾಕಿನಿಂದ ಮುಂಭಾಗವನ್ನು ಎತ್ತಿ, ಅಷ್ಟರಲ್ಲೇ ಅಡಿಗೆ ನುಸುಳಲು ಹೊರಟರು. ಕೈಯಲ್ಲಿ ಟಾರ್ಚು ಹಿಡಿದಿದ್ದ ಅವರ ಪತ್ನಿಯವರು, "ಏನೂಂದ್ರೆ, ಹೊರಗೆ ಬನ್ನಿ. ಕಾರು ಹೋದರೆ ಬಸ್ಸಿದೆ. ನಿಮಗೇನಾದರೂ ಆದರೆ ನನಗೆ ಯಾರಿದ್ದಾರೆ?" ಎಂದರು. ಆಕೆಯ ಮಾತು ಅಕ್ಷರಶಃ ಸರಿ. ಜಾಕು ಚಕ್ರ ಬದಲಿಸುವುದಕ್ಕೆ ಮಾತ್ರ ಇರುವ ಸಾಧನ. ಮಾರುತಿ ೮೦೦ ಎಷ್ಟು ಹಗುರವೆಂದರೂ ಅದರ ತೂಕ ಸುಮಾರು ೬೫೦ ಕಿಲೋ. ಜಾಕು ಒಂದಂಗುಲ ಜಾರಿದರೆ ಎದೆಯ ಮೇಲೆ ಬೀಳುವುದು ಆ ತೂಕ. ಸಿಮೆಂಟಿನ ಟೊಳ್ಳು ಬ್ಲಾಕುಗಳನ್ನು ಒತ್ತುಕೊಡುವವರಿದ್ದಾರೆ. ಅವು ಮುನ್ಸೂಚನೆಯಿಲ್ಲದೆ ಸಿಡಿದು ಪುಡಿಯಾಗುತ್ತವೆ. ಕಬ್ಬಿಣದ ಜಾಕ್ ಸ್ಟ್ಯಾಂಡುಗಳನ್ನು ಗಟ್ಟಿಯಾದ ಸಮನೆಲದ ಮೇಲೆ ಇಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕೈಬ್ರೇಕು ಎಳೆದು, ಗಾಡಿಯನ್ನು ಒಮ್ಮೆ ಅಲುಗಾಡಿಸಿ ನೋಡಿದ ಮೇಲಲ್ಲದೆ ಯಾರೂ ಅಡಿಗೆ ಹೋಗಕೂಡದು. ಚಕ್ರಗಳನ್ನು ಹತ್ತಿಸಿ ನಿಲ್ಲಿಸುವ ಕಬ್ಬಿಣದ ಇಳಿಜಾರುಗಳು ಇನ್ನೂ ಉತ್ತಮ. ಇವೆರಡೂ ಇಲ್ಲದ ಮನೆಯಲ್ಲಿ ಈ ಕೆಲಸವನ್ನೇ ಕೈಗೊಳ್ಳದಿರುವುದು ವಿವೇಕ. ಉಪಾಧ್ಯಾಯರು ಪತ್ನಿಯ ಮಾತಿಗೆ ಮಣಿದು, ಪಕ್ಕದ ಬೀದಿಯಿಂದ ಸ್ಟ್ಯಾಂಡುಗಳನ್ನು ಎರವಲು ತರಿಸಿದರು.

ಇಂಜಿನನ್ನು ಐದು ನಿಮಿಷ ಓಡಿಸಿ ನಿಲ್ಲಿಸಿ, ಹತ್ತು ನಿಮಿಷ ಆರಬಿಡುವುದು ಪದ್ಧತಿ. ಬೆಚ್ಚಗಿನ ಎಣ್ಣೆ ಕೊಳೆಯನ್ನೂ ಹೊತ್ತು ಧಾರಾಳವಾಗಿ ಇಳಿಯುತ್ತದೆ. ಕುದಿಬಿಸಿಯಾಗಿದ್ದರೆ ಮುಂಗೈ ಸುಡುತ್ತದೆ. ಪಕ್ಕದ ಹೊಗೆಕೊಳವೆಯೂ ಸುಡುವುದೆಂಬುದು ಒಮ್ಮೆ ತಾಕಿಸಿಕೊಂಡವರಿಗೆ ಹೇಳಬೇಕಾಗಿಲ್ಲ.

ಇನ್ನು ಇಂಜಿನಿನ ಅಡಿಯ ತೊಟ್ಟಿ. ನಮ್ಮ ಮೆಕ್ಯಾನಿಕ್ಕುಗಳು ಅದನ್ನು ಚೇಂಬರ್ ಎನ್ನುತ್ತಾರೆ. ಅದರ ತಳದಲ್ಲಿ ಒಂದು ಬೋಲ್ಟು. ಹಳೆಯ ಗಾಡಿಯ ನಿಜವಾದ ಪಂದ್ಯ ನಡೆಯುವುದು ಈ ಬೋಲ್ಟಿನೊಡನೆ. ಹಿಂದೆ ಬಿಗಿದವನು ಎಣ್ಣೆ ಸೋರಬಾರದೆಂದು ಮೈಯ ಬಲವನ್ನೆಲ್ಲ ಹಾಕಿ ಬಿಗಿದಿರುತ್ತಾನೆ. ರಸ್ತೆಯ ಉಬ್ಬುಗಳು ಉಜ್ಜಿ ಬೋಲ್ಟಿನ ತಲೆ ಅರ್ಧ ಸವೆದಿರುತ್ತದೆ. ಕೆಸರೂ ತುಕ್ಕೂ ಸೇರಿ ಅದನ್ನು ಚೇಂಬರಿನೊಡನೆ ಒಂದಾಗಿಸಿರುತ್ತವೆ. ಉಪಾಧ್ಯಾಯರು ಬಾಯಿ ತೆರೆದ ಸ್ಪ್ಯಾನರನ್ನು ಕಚ್ಚಿಸಿ ಎಳೆದರು. ಅದು ಜಾರಿತು; ಬೋಲ್ಟಿನ ಒಂದು ಮೂಲೆ ಕಿತ್ತುಬಂತು. ಮತ್ತೆ ಎಳೆದರು, ಗೆಣ್ಣು ಚೇಂಬರಿಗೆ ಬಡಿದು ರಕ್ತ ಚಿಮ್ಮಿತು. ಸ್ಪ್ಯಾನರಿನ ಹಿಡಿಗೆ ಕೊಳಾಯಿಯ ತುಂಡೊಂದನ್ನು ತೊಡಿಸಿ ಉದ್ದ ಮಾಡಿಕೊಂಡು ಎಳೆದರು. ಬೋಲ್ಟು ಅಲ್ಲಾಡಲಿಲ್ಲ. ಒಂದು ಗಂಟೆ ಕಳೆಯಿತು. ನಡುವೆ ಎರಡು ಸಲ ಕಾಫಿ ಬಂತು.

ಅವರ ಹಳೆಯ ವಿದ್ಯಾರ್ಥಿಯೊಬ್ಬ ಹತ್ತಿರದಲ್ಲೇ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಸ್ಟ್ಯಾಂಡು ಎರವಲು ಹೋದುದರಿಂದ ಸಮಾಚಾರ ತಿಳಿದು ಬಂದು, ಬಗ್ಗಿ ನೋಡಿ, ಬಹಳ ಮರ್ಯಾದೆಯಿಂದ, "ಮೇಷ್ಟ್ರೇ, ತಾವು ಬಿಚ್ತಾ ಇಲ್ಲ, ಬಿಗೀತಾ ಇದ್ದೀರಿ" ಎಂದನು. ಉಪಾಧ್ಯಾಯರು ಗಾಡಿಯ ಮುಂಭಾಗದಿಂದ ನುಸುಳಿ, ಹಿಂದಕ್ಕೆ ಮುಖ ಮಾಡಿದ್ದ ಬೋಲ್ಟನ್ನು ಅದರ ಬೆನ್ನ ಕಡೆಯಿಂದ ಕೈ ಚಾಚಿ ತಿರುಗಿಸುತ್ತಿದ್ದರು. ಅಲ್ಲಿ ಎಡ ಬಲಗಳು ಅದಲುಬದಲಾಗುತ್ತವೆ. ಬೋಲ್ಟಿನ ತಲೆಯ ಮೇಲೆ ಒಂದು ಗಡಿಯಾರದ ಮುಖವನ್ನು ಅಂಟಿಸಿದಂತೆ ಭಾವಿಸಿಕೊಂಡು, ಮುಳ್ಳು ತಿರುಗುವುದಕ್ಕೆ ವಿರುದ್ಧವಾಗಿ ತಿರುಗಿಸಿದರೆ ಯಾವ ಭಂಗಿಯಲ್ಲಿ ಮಲಗಿದ್ದರೂ ತಪ್ಪಾಗದು. ಮೂವತ್ತು ವರ್ಷ ರೇಖಾಗಣಿತ ಕಲಿಸಿದವರು ಇದನ್ನು ಕೇಳಿ ಮನಸಾರೆ ನಕ್ಕರು.

ಆ ಹುಡುಗನು ಮಾಡಿದುದನ್ನು ನಾವು ಗಮನವಿಟ್ಟು ನೋಡಿದೆವು, ಏಕೆಂದರೆ ಅದರಲ್ಲಿ ಬಲಕ್ಕಿಂತ ಉಪಾಯವೇ ಹೆಚ್ಚಾಗಿತ್ತು. ಮೊದಲು ತಂತಿಯ ಬ್ರಷ್ಷಿನಿಂದ ಬೋಲ್ಟನ್ನು ಉಜ್ಜಿ ಕೆಸರನ್ನು ತೆಗೆದನು. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸಿಂಪಡಿಸಿ ಕಾಲು ಗಂಟೆ ಸುಮ್ಮನೆ ಕುಳಿತನು. ಬೋಲ್ಟಿನ ಆರು ಬದಿಗಳನ್ನೂ ಹಿಡಿಯುವ ಸಾಕೆಟ್ಟನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕೂರಿಸಿದನು. ಬಾಯಿ ತೆರೆದ ಸ್ಪ್ಯಾನರು ಎರಡೇ ಬದಿಗಳನ್ನು ಹಿಡಿಯುವುದರಿಂದ ಮೂಲೆಗಳನ್ನು ಸವೆಸುತ್ತದೆ. ಬಳಿಕ ಎಳೆಯುವುದರ ಬದಲು ಹಿಡಿಯ ತುದಿಗೆ ಅಂಗೈಯಿಂದ ಎರಡು ಚುರುಕಾದ ಪೆಟ್ಟು ಕೊಟ್ಟನು. ಟಕ್ಕೆಂದು ಸದ್ದಾಯಿತು, ಬೋಲ್ಟು ಸಡಿಲವಾಯಿತು. ಮಿಕ್ಕ ಕೆಲಸವನ್ನು ಉಪಾಧ್ಯಾಯರೇ ಮಾಡಬೇಕೆಂದು ಹೇಳಿ ಅವನು ಬದಿಗೆ ಕುಳಿತುದು ನಮಗೆ ಬಹಳ ಹಿಡಿಸಿತು.

ಸವೆದ ಬೋಲ್ಟನ್ನು ಮತ್ತೆ ಹಾಕುವುದು ಜಿಪುಣತನ. ಹೊಸ ಬೋಲ್ಟೂ ಅದರಡಿಯ ವಾಷರೂ ಅಲ್ಪ ಬೆಲೆಗೆ ಊರಿನ ಬಿಡಿಭಾಗದ ಅಂಗಡಿಗಳಲ್ಲಿಯೇ ಸಿಕ್ಕುತ್ತವೆ. ಸಿಕ್ಕದ ಹಳೆಯ ಭಾಗಗಳಿಗೆ ಬೆಂಗಳೂರಿನ ಜೆ. ಸಿ. ರಸ್ತೆಯಿದೆ. ಹಾಕುವಾಗ ಮೊದಲ ಕೆಲವು ಸುತ್ತುಗಳನ್ನು ಬೆರಳುಗಳಿಂದಲೇ ತಿರುಗಿಸತಕ್ಕುದು. ಬೆರಳಿಗೆ ತಿರುಗದ ಬೋಲ್ಟು ಓರೆಯಾಗಿ ಕೂತಿದೆಯೆಂದು ಅರ್ಥ. ಅದನ್ನು ಸ್ಪ್ಯಾನರಿನಿಂದ ಒತ್ತಾಯಿಸಿದರೆ ಚೇಂಬರಿನ ಥ್ರೆಡ್ಡು ಹೋಗುತ್ತದೆ. ಮೂವತ್ತು ರೂಪಾಯಿಯ ಉಳಿತಾಯಕ್ಕೆ ಹೊರಟವರು ಸಾವಿರಾರು ರೂಪಾಯಿಯ ಚೇಂಬರನ್ನು ಕೊಳ್ಳುವುದು ಹೀಗೆಯೇ.

ಬೋಲ್ಟಿನ ನಂತರದ ಮೊಂಡ ಫಿಲ್ಟರು. ನುಣುಪಾದ ತಗಡಿನ ಡಬ್ಬಿ. ಎಣ್ಣೆ ಬಳಿದ ಕೈಗೆ ಹಿಡಿತ ಕೊಡದು. ಸ್ಕ್ರೂಡ್ರೈವರನ್ನು ಅದರೊಳಕ್ಕೆ ಚುಚ್ಚಿ ತಿರುಗಿಸುವುದು ಅನೇಕರ ಉಪಾಯ. ತಗಡು ಹರಿದುಹೋಗಿ ಬುಡ ಮಾತ್ರ ಇಂಜಿನಿನಲ್ಲಿ ಉಳಿದರೆ, ಗಾಡಿಯನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಲೂ ಆಗದು. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನೋ ಉಪ್ಪುಕಾಗದವನ್ನೋ ಸುತ್ತಿ ಹಿಡಿದರೆ ಬಹುಪಾಲು ಫಿಲ್ಟರುಗಳು ಬಗ್ಗುತ್ತವೆ. ಬಗ್ಗದವಕ್ಕೆ ಪಟ್ಟಿಯ ಸ್ಪ್ಯಾನರುಂಟು. ತೆಗೆದ ಕೂಡಲೆ ನೋಡಬೇಕಾದುದು ಅದರ ರಬ್ಬರಿನ ಬಳೆ ಡಬ್ಬಿಯೊಡನೆ ಬಂದಿತೋ ಇಂಜಿನಿಗೇ ಅಂಟಿ ಉಳಿಯಿತೋ ಎಂಬುದನ್ನು. ಹಳೆಯ ಬಳೆಯ ಮೇಲೆ ಹೊಸ ಬಳೆ ಕೂತರೆ ಹೊರಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ರಸ್ತೆಗೆ ಇಳಿದು ಇಂಜಿನು ವೇಗ ಹಿಡಿದಾಗ ಎಣ್ಣೆ ಒತ್ತಡದಿಂದ ಹೊರಗೆ ಚಿಮ್ಮಿ, ನೆಲಮಂಗಲದ ಸುಂಕದ ಗೇಟು ತಲುಪುವುದರೊಳಗೆ ಇಂಜಿನು ಹಿಡಿದುಕೊಂಡು ನಿಲ್ಲಬಹುದು. ಈ ಒಂದು ನೋಟಕ್ಕೆ ಅರ್ಧ ನಿಮಿಷ ಸಾಕು. ಹೊಸ ಬಳೆಗೆ ಹೊಸ ಎಣ್ಣೆಯನ್ನು ಸವರಿ, ಕೈಯಿಂದಲೇ ತಿರುಗಿಸಿ, ಬಳೆ ತಾಕಿದ ಮೇಲೆ ಇನ್ನೂ ಮುಕ್ಕಾಲು ಸುತ್ತು ಬಿಗಿದರೆ ಆಯಿತು.

ಯಾವ ಎಣ್ಣೆ ಎಂಬ ಪ್ರಶ್ನೆಗೆ ಅಂಗಡಿಯವನ ಉತ್ತರಕ್ಕಿಂತ ಗಾಡಿಯ ಕೈಪಿಡಿಯ ಉತ್ತರ ಹೆಚ್ಚು ನಂಬಿಕೆಗೆ ಅರ್ಹ. ಡಬ್ಬಿಯ ಮೇಲೆ ೨೦ಡಬ್ಲ್ಯೂ-೪೦ ಎಂದು ಬರೆದಿದ್ದರೆ ಮೊದಲ ಅಂಕಿ ಚಳಿಯಲ್ಲಿ ಅದು ಎಷ್ಟು ಸುಲಭವಾಗಿ ಹರಿಯುವುದೆಂಬುದನ್ನೂ, ಎರಡನೆಯದು ಇಂಜಿನು ಕಾದಾಗ ಎಷ್ಟು ಗಟ್ಟಿಯಾಗಿ ಉಳಿಯುವುದೆಂಬುದನ್ನೂ ಹೇಳುತ್ತದೆ. ನಡುವಿನ ಅಕ್ಷರ ಚಳಿಗಾಲದ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ ೧೯೧೧ರಲ್ಲಿ ಆರಂಭಿಸಿದ ವರ್ಗೀಕರಣದಿಂದ ಬೆಳೆದ ಕ್ರಮವಿದು. ನಂದಿಬೆಟ್ಟದ ತಪ್ಪಲಿನ ಪುಷ್ಯಮಾಸದ ಚಳಿ ನಮಗೆ ದೊಡ್ಡದಾದರೂ ಎಣ್ಣೆಗೆ ಲೆಕ್ಕಕ್ಕಿಲ್ಲ. ಆದುದರಿಂದ ಹಿಮದೇಶಗಳಿಗಾಗಿ ಮಾಡಿದ ಅತಿ ತೆಳುವಾದ ದುಬಾರಿ ಎಣ್ಣೆಯನ್ನು ಸವೆದ ಹಳೆಯ ಇಂಜಿನಿಗೆ ಸುರಿಯುವುದರಿಂದ ಲಾಭವಿಲ್ಲ. ಎಷ್ಟೋ ವೇಳೆ ಸಂದುಗಳಲ್ಲಿ ಜಿನುಗಿ ನಷ್ಟವೇ ಆಗುತ್ತದೆ. ನಕಲಿ ಎಣ್ಣೆಯ ಹಾವಳಿಯೂ ಉಂಟು. ಹೆಸರಾಂತ ಡಬ್ಬಿಗಳಲ್ಲಿ ಯಾವುದನ್ನೋ ತುಂಬಿ ಮಾರುವವರಿಗೆ ನಮ್ಮ ಮನೆಯ ಖಾಲಿ ಡಬ್ಬಿಯೇ ಬಂಡವಾಳ. ಮುದ್ರೆ ಒಡೆಯದ ಡಬ್ಬಿಯನ್ನು ರಸೀತಿ ಸಹಿತ ಕೊಳ್ಳುವುದೂ, ಬರಿದಾದ ಡಬ್ಬಿಯನ್ನು ಕತ್ತರಿಸಿಯೇ ಹೊರಗೆ ಹಾಕುವುದೂ ಒಳ್ಳೆಯದು.

ಸುರಿಯುವಾಗ ಹೇಳಿದ ಪ್ರಮಾಣಕ್ಕಿಂತ ಸ್ವಲ್ಪ ಕಡಿಮೆಯೇ ಸುರಿದು, ಇಂಜಿನನ್ನು ಅರ್ಧ ನಿಮಿಷ ಓಡಿಸಿ, ಎಣ್ಣೆಯ ಕೆಂಪು ದೀಪ ಕೆಲವು ಕ್ಷಣಗಳಲ್ಲಿ ಆರಿತೇ ಎಂದು ನೋಡಬೇಕು. ಆರದಿದ್ದರೆ ತಕ್ಷಣ ನಿಲ್ಲಿಸಬೇಕು. ಬಳಿಕ ಗಾಡಿಯನ್ನು ಸಮನೆಲಕ್ಕೆ ಇಳಿಸಿ, ಐದು ನಿಮಿಷ ಬಿಟ್ಟು, ಅಳತೆಯ ಕಡ್ಡಿಯನ್ನು ಒರೆಸಿ ಅದ್ದಿ ತೆಗೆದು, ಎರಡು ಗೆರೆಗಳ ನಡುವೆ ಮೇಲಿನ ಗೆರೆಗೆ ಸಮೀಪವಾಗುವವರೆಗೆ ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಹೆಚ್ಚು ಬಿದ್ದರೆ ಚಿಂತೆಯಿಲ್ಲವೆಂಬುದು ತಪ್ಪು ತಿಳಿವಳಿಕೆ. ತಿರುಗುವ ದಂಡ ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆ ಮಾಡುತ್ತದೆ. ನೊರೆ ಲೋಹವನ್ನು ಕಾಯದು.

ಇಷ್ಟಾದ ಮೇಲೆ ಬೋಗುಣಿಯಲ್ಲಿ ಮೂರು ಲೀಟರು ಕಪ್ಪು ದ್ರವ ಉಳಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಕೆಲಸದ ಗುರುತರವಾದ ಭಾಗ ಇದೇ. ಇದರ ವಿಷಯದಲ್ಲಿಯೇ ಎಲ್ಲರಿಗೂ ಅಲಕ್ಷ್ಯ. ಕೆಲವರು ಬೀದಿಯ ಚರಂಡಿಗೆ ಚೆಲ್ಲುತ್ತಾರೆ. ಕೆಲವರು ಗೆದ್ದಲು ಬಾರದಿರಲೆಂದು ಬೇಲಿಯ ಗೂಟಗಳಿಗೆ ಬಳಿಯುತ್ತಾರೆ. ಕಜ್ಜಿ ಹತ್ತಿದ ನಾಯಿಗೆ ಔಷಧವೆಂದು ಹಚ್ಚುವವರನ್ನೂ ಕಂಡಿದ್ದೇವೆ. ಆ ಮೂಕಪ್ರಾಣಿ ಅದನ್ನು ನೆಕ್ಕಿ ವಿಷವನ್ನೇ ಹೊಟ್ಟೆಗೆ ಇಳಿಸಿಕೊಳ್ಳುತ್ತದೆ. ಬಳಸಿದ ಎಣ್ಣೆಯಲ್ಲಿ ಲೋಹದ ಅಂಶಗಳೂ, ಅರ್ಬುದ ರೋಗಕ್ಕೆ ಕಾರಣವಾಗಬಲ್ಲ ಸುಟ್ಟ ಪದಾರ್ಥಗಳೂ ಸೇರಿರುತ್ತವೆ. ಬರಿಗೈಯಿಂದ ಮುಟ್ಟದೆ ಕೈಗವಸು ತೊಡಬೇಕೆಂಬುದು ಆ ಕಾರಣದಿಂದಲೇ. ಒಂದು ಸಲ ಬದಲಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಎಂದರೆ ಸುಮಾರು ೩೮ ಲಕ್ಷ ಲೀಟರು, ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಪ್ರಜೆಗಳಿಗೆ ಎಚ್ಚರಿಕೆ ಹೇಳಿದೆ.

ಈ ಜಿಲ್ಲೆಯ ನೀರಿನ ಸ್ಥಿತಿಯನ್ನು ಬಲ್ಲವರಿಗೆ ಆ ಅಂಕಿಯ ಭಾರ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಂದಿಯ ಬೆಟ್ಟಗಳಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಹೆಸರಘಟ್ಟದತ್ತ ಇಳಿಯುತ್ತದೆ. ಅಲ್ಲಿಯೇ ಹುಟ್ಟುವ ದಕ್ಷಿಣ ಪಿನಾಕಿನಿಯ ನೀರು ಹೊಸಕೋಟೆಯ ದೊಡ್ಡ ಕೆರೆಯನ್ನು ಸೇರುತ್ತದೆ. ಬೀದಿಯ ಚರಂಡಿ ಹರಿಯುವುದು ಕೊನೆಗೆ ಈ ಕೆರೆಗಳಿಗೇ. ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳ ನೀರು ಊರಿನ ಕೊಳಚೆಯಿಂದಲೂ ಕಾರ್ಖಾನೆಗಳ ತ್ಯಾಜ್ಯದಿಂದಲೂ ಕೆಟ್ಟಿತೆಂದು ಆ ಗ್ರಾಮಗಳ ಜನ ವರ್ಷಗಟ್ಟಲೆ ದೂರುತ್ತ ಬಂದಿದ್ದಾರೆ. ಕಾರ್ಖಾನೆಯನ್ನು ದೂರುವ ಬಾಯಿಂದಲೇ ಮನೆಯ ಬೋಗುಣಿಯನ್ನು ಚರಂಡಿಗೆ ಬಗ್ಗಿಸುವುದು ಹೇಗೆ?

ಬಳಸಿದ ಎಣ್ಣೆ ೨೦೧೬ರ ಅಪಾಯಕರ ತ್ಯಾಜ್ಯ ನಿಯಮಗಳಿಗೆ ಒಳಪಟ್ಟ ವಸ್ತು. ಅದನ್ನು ಶುದ್ಧಿಮಾಡಿ ಮತ್ತೆ ಎಣ್ಣೆಯಾಗಿಸಲು ಅನುಮತಿ ಪಡೆದ ಕಾರ್ಖಾನೆಗಳಿವೆ. ೨೦೨೩ರಲ್ಲಿ ಆ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ೨೦೨೪ರ ಏಪ್ರಿಲ್ ೧ರಿಂದ, ಎಣ್ಣೆ ತಯಾರಿಸಿ ಮಾರುವವರೇ ಬಳಸಿದ ಎಣ್ಣೆಯ ಮರುಬಳಕೆಗೂ ಹೊಣೆ ಹೊರಬೇಕಾಗಿದೆ. ಗೃಹಸ್ಥನು ಮಾಡಬೇಕಾದುದು ಇಷ್ಟೆ: ಬೋಗುಣಿಯ ಎಣ್ಣೆಯನ್ನು ಮುಚ್ಚಳವುಳ್ಳ ಗಟ್ಟಿ ಡಬ್ಬಿಗೆ ಬಗ್ಗಿಸಿ, ನೀರನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಬೆರೆಸದೆ, ಹಳೆಯ ಎಣ್ಣೆಯನ್ನು ಅಂತಹ ಕಾರ್ಖಾನೆಗೆ ಕೊಡುವ ಗ್ಯಾರೇಜಿಗೋ ಸರ್ವಿಸ್ ಸ್ಟೇಷನ್ನಿಗೋ ಒಪ್ಪಿಸುವುದು. ಕೊಡುವ ಮುನ್ನ, ಅದು ಎಲ್ಲಿಗೆ ಹೋಗುತ್ತದೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಬೇರೆ ಡಬ್ಬಿಯಿಲ್ಲದಿದ್ದರೆ ಹೊಸ ಎಣ್ಣೆ ಬಂದ ಡಬ್ಬಿಯಲ್ಲೇ ಒಯ್ದು, ಬಗ್ಗಿಸಿ ಬಂದ ಮೇಲೆ ಅದನ್ನು ಕತ್ತರಿಸಬಹುದು. ಫಿಲ್ಟರಿನೊಳಗೂ ಸಾಕಷ್ಟು ಎಣ್ಣೆ ಉಳಿದಿರುತ್ತದೆ. ಅದನ್ನು ಒಂದು ರಾತ್ರಿ ತಲೆಕೆಳಗಾಗಿ ಬಸಿಯಲಿಟ್ಟು, ಡಬ್ಬಿಯೊಡನೆಯೇ ಕಳುಹಿಸತಕ್ಕುದು.

ನಮ್ಮ ಉಪಾಧ್ಯಾಯರ ಮನೆಯಲ್ಲಿ ಆ ಭಾನುವಾರದ ಕೆಲಸ ಮುಗಿದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಆಮೇಲೆ ಇನ್ನೆರಡು ಸಲ ಅವರೇ ಎಣ್ಣೆ ಬದಲಿಸಿದ್ದಾರೆ; ಎರಡನೆಯ ಸಲಕ್ಕೆ ಒಂದು ಗಂಟೆ ಸಾಕಾಯಿತಂತೆ. ಗಾಡಿಯ ಕೈಪೆಟ್ಟಿಗೆಯಲ್ಲಿ ಈಗ ಒಂದು ಪುಟ್ಟ ಪುಸ್ತಕವಿದೆ. ತಾರೀಖು, ಓಡಿದ ಕಿಲೋಮೀಟರು, ಎಣ್ಣೆಯ ಜಾತಿ, ಬೋಲ್ಟಿನ ಅಳತೆ, ಇವೆಲ್ಲ ಅವರ ಪತ್ನಿಯವರ ದುಂಡಕ್ಷರದಲ್ಲಿ ದಪ್ಪದಪ್ಪವಾಗಿ ಬರೆದಿವೆ.